ಬ್ಲೆಂಡರ್ ಬಂತು, ಕಂಪ್ರೆಸರ್ ಬರಲಿಲ್ಲ: ನವಜಾತ ಶಿಶು ಘಟಕಗಳಿಗೆ ಮಂಜೂರಾತಿ ಕೊಡುವವರಿಗೊಂದು ಬಹಿರಂಗ ಪತ್ರ

ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ ಹಣ, ಹುದ್ದೆ, ಯಂತ್ರಗಳನ್ನು ಮಂಜೂರು ಮಾಡುವ ಆರೋಗ್ಯಾಡಳಿತದ ಅಧಿಕಾರಿಗಳಿಗೆ, ಆಸ್ಪತ್ರೆಗಳ ಅಧೀಕ್ಷಕರಿಗೆ ಮತ್ತು ಖರೀದಿ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ಹೊಸ ಯಂತ್ರ ಬೇಕೆಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ತಾವು ಈಗಾಗಲೇ ಕೊಟ್ಟಿರುವ ಯಂತ್ರಗಳ ಇನ್ನರ್ಧ ಎಲ್ಲಿ ಎಂದು ಕೇಳಲು ಬರೆಯುತ್ತಿದ್ದೇವೆ. ಕೂಸನ್ನು ಬೆಚ್ಚಗಿಡುವ ವಾರ್ಮರ್ ಇದೆ, ಮೈಯ ತಾಪ ನೋಡುವ ಅದರ ಪ್ರೋಬ್ ಮುರಿದು ಎಷ್ಟೋ ಕಾಲವಾಗಿದೆ. ಫೋಟೊಥೆರಪಿ ದೀಪ ಉರಿಯುತ್ತಿದೆ, ಅದರ ಬೆಳಕಿಗೆ ಕಾಮಾಲೆ ಇಳಿಸುವ ಶಕ್ತಿ ಉಳಿದಿದೆಯೇ ಎಂದು ಅಳೆಯುವ ಮೀಟರ್ ಇಲ್ಲ. ವೆಂಟಿಲೇಟರ್ ಪ್ಲಾಸ್ಟಿಕ್ ಹೊದಿಕೆಯೊಳಗೇ ನಿಂತಿದೆ, ಏಕೆಂದರೆ ರಾತ್ರಿ ಪಾಳಿಯಲ್ಲಿ ಅದರ ಪಕ್ಕ ನಿಲ್ಲಲು ದಾದಿಯಿಲ್ಲ. ಕಾಗದದಲ್ಲಿ ಇವೆಲ್ಲ ‘ಲಭ್ಯವಿರುವ ಸೌಲಭ್ಯ’ಗಳು.

ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಮಕ್ಕಳು ಹುಟ್ಟಿದ 28 ದಿನಗಳೊಳಗೆ ತೀರಿಕೊಂಡರು. ತಿಂಗಳು ತುಂಬುವ ಮೊದಲೇ ಹುಟ್ಟುವುದು, ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟುವುದು, ಸೋಂಕು ತಗಲುವುದು ಇವೇ ಮುಖ್ಯ ಕಾರಣಗಳು. ಇವುಗಳಲ್ಲಿ ಬಹುಪಾಲು ಕೂಸುಗಳಿಗೆ ಬೇಕಾಗಿದ್ದು ಶಾಖ, ಹದವಾದ ಆಮ್ಲಜನಕ, ತಾಯಿಯ ಹಾಲು, ತೊಳೆದ ಕೈ ಮತ್ತು ಪಕ್ಕದಲ್ಲಿ ಎಚ್ಚರವಾಗಿರುವ ಒಬ್ಬ ದಾದಿ. ತೊಂದರೆ ಆಗುತ್ತಿರುವುದು ಇಲ್ಲೇ.

ಆಮ್ಲಜನಕದಿಂದ ಶುರು ಮಾಡುತ್ತೇವೆ. ತಿಂಗಳು ತುಂಬದ ಕೂಸಿಗೆ ಆಮ್ಲಜನಕ ಎಂದರೆ ಔಷಧ. ಡೋಸ್ ಕಡಿಮೆಯಾದರೆ ಜೀವಕ್ಕೆ ಅಪಾಯ, ಹೆಚ್ಚಾದರೆ ಕಣ್ಣಿಗೆ. ಕಣ್ಣಿನ ಹಿಂಬದಿಯ ರೆಟಿನಾದ ರಕ್ತನಾಳಗಳು ಗರ್ಭದೊಳಗಿನ ಕಡಿಮೆ ಆಮ್ಲಜನಕದಲ್ಲಿ ನಿಧಾನವಾಗಿ ಬೆಳೆಯಬೇಕಾದವು. ಅವು ಅಂಚು ಮುಟ್ಟುವ ಮೊದಲೇ ಕೂಸು ಹೊರಬಂದು, ಅದಕ್ಕೆ ಮಿತಿಮೀರಿ ಆಮ್ಲಜನಕ ಸಿಕ್ಕರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಕೆಲವು ವಾರ ಕಳೆದ ಮೇಲೆ ರಕ್ತ ಸಿಗದ ಭಾಗದಲ್ಲಿ ಹೊಸ ನಾಳಗಳು ಅಡ್ಡಾದಿಡ್ಡಿ ಹುಟ್ಟಿಕೊಂಡು ರೆಟಿನಾವನ್ನೇ ಎಳೆದು ಕೀಳುತ್ತವೆ. ಈ ಕಾಯಿಲೆಯನ್ನು 1942ರಲ್ಲಿ ಅಮೆರಿಕದ ಥಿಯೋಡೋರ್ ಟೆರ್ರಿ ಮೊದಲು ವರ್ಣಿಸಿದರು. ಕಾರಣ ಆಮ್ಲಜನಕವೇ ಇರಬಹುದೆಂದು 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಬರೆದರು. ಅದು ಪ್ರಯೋಗದಲ್ಲಿ ಖಚಿತವಾಗುವಷ್ಟರಲ್ಲಿ ಸುಮಾರು 10,000 ಮಕ್ಕಳು ಕುರುಡರಾಗಿದ್ದರು. ಆಮೇಲೆ ಹೆದರಿದ ವೈದ್ಯರು ಆಮ್ಲಜನಕವನ್ನು ಕಣ್ಣುಮುಚ್ಚಿ ತಗ್ಗಿಸಿದರು, ಉಸಿರಾಟದ ತೊಂದರೆಯಿಂದ ಸಾಯುವ ಕೂಸುಗಳು ಹೆಚ್ಚಾದವು. ಎರಡೂ ಕಡೆಯ ಪಾಠ ಕಲಿತು ದಶಕಗಳೇ ಕಳೆದರೂ ಇಂದಿಗೂ ಅನೇಕ ಘಟಕಗಳಲ್ಲಿ ಕೂಸಿನ ಮೂಗಿಗೆ ಹೋಗುತ್ತಿರುವುದು ಸೀದಾ ಪೈಪ್‌ಲೈನಿನ ಶುದ್ಧ ಆಮ್ಲಜನಕ.

ಅದೇಕೆ ಹೀಗಾಗುತ್ತದೆ ಎಂಬುದನ್ನು ತಾವು ತಿಳಿಯಬೇಕು. ಗಾಳಿ ಮತ್ತು ಆಮ್ಲಜನಕವನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ಬ್ಲೆಂಡರ್‌ಗೆ ಎರಡು ಬಾಯಿಗಳಿವೆ. ಒಂದಕ್ಕೆ ಆಮ್ಲಜನಕ, ಇನ್ನೊಂದಕ್ಕೆ ವೈದ್ಯಕೀಯ ದರ್ಜೆಯ ಒತ್ತಿದ ಗಾಳಿ. ಎರಡೂ ಸುಮಾರು 50 ಪಿಎಸ್‌ಐ ಒತ್ತಡದಲ್ಲಿ, ಹೆಚ್ಚುಕಡಿಮೆ ಸಮನಾಗಿ ಬರಬೇಕು. ಒಂದು ಕಡೆ ಒತ್ತಡ ಬಿದ್ದರೆ ಬ್ಲೆಂಡರ್ ಸಿಳ್ಳೆ ಹಾಕುತ್ತದೆ, ಉಳಿದ ಕಡೆಯ ಅನಿಲವನ್ನಷ್ಟೇ ಕಳಿಸುತ್ತದೆ. ಟೆಂಡರ್‌ನಲ್ಲಿ ಬ್ಲೆಂಡರ್ ಇರುತ್ತದೆ. ಎಣ್ಣೆರಹಿತ ಕಂಪ್ರೆಸರ್, ತೇವ ಹೀರುವ ಡ್ರೈಯರ್, ಫಿಲ್ಟರ್, ಗಾಳಿಯ ಪೈಪ್‌ಲೈನ್ ಇವು ‘ಸಿವಿಲ್ ಕೆಲಸ’ ಎಂದು ಬೇರೆ ಕಡತಕ್ಕೆ ಹೋಗುತ್ತವೆ, ಆ ಕಡತ ಹಿಂತಿರುಗುವುದಿಲ್ಲ. ಸಿಳ್ಳೆಯ ಕಾಟ ತಾಳಲಾರದೆ ಸಿಬ್ಬಂದಿ ಬ್ಲೆಂಡರ್ ಕಳಚಿಟ್ಟು ಆಮ್ಲಜನಕದ ಫ್ಲೋಮೀಟರಿಗೆ ನೇರ ನಳಿಗೆ ಸಿಕ್ಕಿಸುತ್ತಾರೆ. ಆ ಕ್ಷಣದಿಂದ ಕೂಸಿಗೆ 100 ಪ್ರತಿಶತ. ಡ್ರೈಯರ್ ಇಲ್ಲದ ಅಗ್ಗದ ಕಂಪ್ರೆಸರ್ ಬಂದರೆ ಇನ್ನೊಂದು ಪಾಡು: ಗಾಳಿಯ ಜೊತೆ ನೀರು ಬಂದು ಬ್ಲೆಂಡರಿನ ಒಳಭಾಗ ಹಾಳಾಗುತ್ತದೆ. ಆಗ ಡಯಲ್ 30 ತೋರಿಸಿದರೂ ಹೊರಬರುತ್ತಿರುವುದು ಎಷ್ಟೋ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಆಮ್ಲಜನಕದ ಪ್ರಮಾಣ ಅಳೆಯುವ ಅನಲೈಸರ್ ಬೇಕು. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಸಾಧನ. ಅದರ ಸೆನ್ಸರ್ ಸವೆಯುತ್ತದೆ, ಆಗಾಗ ಬದಲಿಸಬೇಕು. ಸೆನ್ಸರ್ ಬದಲಿಸಲು ಬಜೆಟ್‌ನಲ್ಲಿ ಯಾವ ಶೀರ್ಷಿಕೆಯೂ ಇಲ್ಲ ಎಂಬ ಉತ್ತರ ನಮಗೆ ಬಾಯಿಪಾಠವಾಗಿದೆ.

ಬ್ಲೆಂಡರ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಗಾಳಿಗೊಂದು, ಆಮ್ಲಜನಕಕ್ಕೊಂದು ಫ್ಲೋಮೀಟರ್, ನಡುವೆ ಒಂದು ವೈ ಕನೆಕ್ಟರ್ ಇದ್ದರೆ ಲೆಕ್ಕ ಸರಳ. ನಿಮಿಷಕ್ಕೆ 4 ಲೀಟರ್ ಗಾಳಿ, 1 ಲೀಟರ್ ಆಮ್ಲಜನಕ ಬೆರೆತರೆ ಸುಮಾರು 37 ಪ್ರತಿಶತ. 3 ಲೀಟರ್ ಗಾಳಿ, 2 ಲೀಟರ್ ಆಮ್ಲಜನಕವಾದರೆ ಸುಮಾರು 53. ಈ ಪಟ್ಟಿಯನ್ನು ಪ್ರತಿ ಹಾಸಿಗೆಯ ಗೋಡೆಗೆ ಅಂಟಿಸಿಡಬಹುದು. ಆದರೆ ಇದಕ್ಕೂ ಗಾಳಿಯ ಮೂಲ ಬೇಕು. ಸುತ್ತಿ ಬಳಸಿ ಕಂಪ್ರೆಸರ್‌ಗೇ ಬಂದು ನಿಲ್ಲುತ್ತೇವೆ.

ಇನ್ನು ರಕ್ತದ ಆಮ್ಲಜನಕ ಮಟ್ಟವನ್ನು (ಸ್ಯಾಚುರೇಷನ್) ಪ್ರತಿಶತದಲ್ಲಿ ತೋರಿಸುವ ಪಲ್ಸ್ ಆಕ್ಸಿಮೀಟರ್. ಆಮ್ಲಜನಕ ಪಡೆಯುತ್ತಿರುವ, ತಿಂಗಳು ತುಂಬದ ಕೂಸಿನ ಸ್ಯಾಚುರೇಷನ್ 90ರಿಂದ 95ರ ನಡುವೆ ಇರಬೇಕು. 85ರಿಂದ 89ಕ್ಕೆ ಇಳಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಕಣ್ಣಿನ ಕಾಯಿಲೆ ಕಡಿಮೆಯಾಯಿತು, ಸಾವು ಹೆಚ್ಚಿತು. ಮೇಲ್ಮಿತಿಯೂ ಅಷ್ಟೇ ಮುಖ್ಯ. 98, 99, 100 ಎಂದು ತೋರಿಸುವಾಗ ರಕ್ತದಲ್ಲಿ ಆಮ್ಲಜನಕದ ಒತ್ತಡ 100 ಮಿ.ಮೀ. ಇದೆಯೋ 300 ಮಿ.ಮೀ. ಇದೆಯೋ ಆ ಯಂತ್ರ ಹೇಳಲಾರದು. ನೂರು ಕಂಡರೆ ಎಲ್ಲರಿಗೂ ಸಮಾಧಾನ. ಅದೇ ಅಪಾಯ. ಮಾನಿಟರ್‌ಗಳು ಬರುವುದೇ ದೊಡ್ಡವರಿಗೆ ಹೊಂದಿಸಿದ ಮಿತಿಗಳೊಂದಿಗೆ, ಮೇಲಿನ ಅಲಾರಂ ಬಂದ್ ಆಗಿರುತ್ತದೆ. ಅದನ್ನು 95ರ ಆಸುಪಾಸಿಗೆ ಹೊಂದಿಸುವುದನ್ನು ಯಂತ್ರ ಸ್ಥಾಪಿಸುವ ಕಂಪನಿಯ ಕರ್ತವ್ಯವೆಂದೇ ಟೆಂಡರ್‌ನಲ್ಲಿ ಬರೆಸಿ.

ಸಿಪ್ಯಾಪ್ ಬಗ್ಗೆ ಎರಡು ಮಾತು. ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಚೀಲಗಳು ಮುಚ್ಚಿಕೊಳ್ಳದಂತೆ ಸದಾ ಸ್ವಲ್ಪ ಒತ್ತಡ ಕೊಡುವ ಈ ವಿಧಾನವನ್ನು 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಪ್ರಕಟಿಸಿದರು. ಬಬಲ್ ಸಿಪ್ಯಾಪ್‌ನಲ್ಲಿ ಹೊರಹೋಗುವ ನಳಿಗೆಯನ್ನು ನೀರಿನಲ್ಲಿ 5 ಸೆಂ.ಮೀ. ಮುಳುಗಿಸಿದರೆ ಒತ್ತಡವೂ 5 ಸೆಂ.ಮೀ. ಇಷ್ಟು ಸರಳವಾದದ್ದು ಕೆಡುವುದು ಹೇಗೆ? ಮೂಗಿಗೆ ಸಿಕ್ಕಿಸುವ ನಳಿಗೆಯನ್ನು, ಅಂದರೆ ಪ್ರಾಂಗನ್ನು, ಅಳತೆಗೆ ಸರಿಹೊಂದದ್ದು ಹಾಕಿದರೆ ಗಾಳಿ ಸೋರಿ ಗುಳ್ಳೆ ನಿಲ್ಲುತ್ತದೆ. ಗುಳ್ಳೆ ಬರಲೆಂದು ಪ್ರಾಂಗ್ ಒತ್ತಿ ಕಟ್ಟಿದರೆ ಮೂಗಿನ ನಡುಗೋಡೆ ಕೊಳೆಯುತ್ತದೆ. ಬೆಚ್ಚಗಿನ ಆವಿ ತಣಿದು ಬಾಟಲಿಯಲ್ಲಿ ನೀರು ಏರಿ, 5 ಎಂದು ಇಟ್ಟದ್ದು ಬೆಳಗಾಗುವಷ್ಟರಲ್ಲಿ 7 ಆಗಿರುತ್ತದೆ. ಹೊಟ್ಟೆಗೆ ಹೋದ ಗಾಳಿ ಹೊರಬರಲು ಬಾಯಿಯಿಂದ ಇಳಿಸಿದ ಟ್ಯೂಬನ್ನು ತೆರೆದಿಡದಿದ್ದರೆ ಹೊಟ್ಟೆ ಉಬ್ಬಿ ಉಸಿರಿಗೇ ಅಡ್ಡಿ. ಇವೆಲ್ಲವನ್ನೂ ಗಂಟೆಗೊಮ್ಮೆ ನೋಡುವ ಕಣ್ಣು ತಡೆಯಬಲ್ಲದು. ಖರೀದಿ ಆದೇಶದಲ್ಲಿ ಮಾತ್ರ ಹತ್ತು ಸಿಪ್ಯಾಪ್ ಯಂತ್ರಕ್ಕೆ ಒಂದೇ ಅಳತೆಯ ಪ್ರಾಂಗ್! 700 ಗ್ರಾಂ ಕೂಸಿಗೂ 3 ಕೆ.ಜಿ. ಕೂಸಿಗೂ ಒಂದೇ ಮೂಗು ಇರುತ್ತದೆಯೇ?

ಶಾಖದ ವಿಷಯಕ್ಕೆ ಬರೋಣ. ಕಂಕುಳಿನ ತಾಪಮಾನ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಹಳ ಕಡಿಮೆ ತೂಕದ ಕೂಸುಗಳ ಮೇಲಿನ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ದಾಖಲಾಗುವಾಗಿನ ತಾಪಮಾನ ಒಂದೊಂದು ಡಿಗ್ರಿ ಇಳಿದಂತೆ ಸಾವಿನ ಸಂಭವ ಶೇ. 28ರಷ್ಟು ಏರುತ್ತಿತ್ತು. ಕೂಸು ಹೆಚ್ಚಾಗಿ ತಣ್ಣಗಾಗುವುದು ನಮ್ಮ ಘಟಕದಲ್ಲಿ ಅಲ್ಲ, ಹೆರಿಗೆ ಕೋಣೆಯಲ್ಲಿ ಮತ್ತು ಅಲ್ಲಿಂದ ಇಲ್ಲಿಗೆ ಬರುವ ಕಾರಿಡಾರಿನಲ್ಲಿ. ಹೆರಿಗೆ ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು. ಶಸ್ತ್ರಚಿಕಿತ್ಸಾ ಕೋಣೆಯ ಏಸಿ ರಿಮೋಟ್ ಇರುವುದು ದೊಡ್ಡವರ ಕೈಯಲ್ಲಿ, ಬೆವರುವುದು ಗೌನು ತೊಟ್ಟ ಸರ್ಜನ್ನರಿಗೆ, ಹಾಗಾಗಿ ಕೋಣೆ ಸದಾ ತಂಪು. 32 ವಾರಕ್ಕೂ ಮೊದಲು ಹುಟ್ಟಿದ ಕೂಸನ್ನು ಒರೆಸದೆ, ಒದ್ದೆ ಮೈಯಲ್ಲೇ ಕತ್ತಿನವರೆಗೆ ಶುದ್ಧ ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಿ, ತಲೆಗೆ ಟೊಪ್ಪಿ ಹಾಕಿ ವಾರ್ಮರ್ ಕೆಳಗೆ ಇಟ್ಟರೆ ಶಾಖ ಉಳಿಯುತ್ತದೆ. ಆ ಚೀಲಕ್ಕೆ ದುಡ್ಡಿನ ತೊಂದರೆಯೇನೂ ಇಲ್ಲ. ಅದು ಸಾಮಗ್ರಿ ಬೇಡಿಕೆಯ ಯಾವ ಇಂಡೆಂಟ್ ಪಟ್ಟಿಯಲ್ಲೂ ಇಲ್ಲ, ಅಷ್ಟೇ.

ವಾರ್ಮರ್‌ನಲ್ಲಿ ಮೊದಲು ಕೆಡುವುದು ಚರ್ಮದ ತಾಪ ನೋಡುವ ಪ್ರೋಬ್. ಮಡಚಿ ಮಡಚಿ ತಂತಿ ಒಳಗೇ ತುಂಡಾಗುತ್ತದೆ. ಪ್ರೋಬ್ ಚರ್ಮದಿಂದ ಕಳಚಿದರೆ ಅದು ಕೋಣೆಯ ತಂಪನ್ನು ಓದಿ ಹೀಟರನ್ನು ಜೋರು ಮಾಡುತ್ತದೆ, ಕೂಸಿನ ಮೈ ಸುಡುತ್ತದೆ. ಕೂಸು ಪ್ರೋಬ್ ಮೇಲೇ ಮಲಗಿದರೆ ಬಿಸಿಯಾಗಿದೆ ಎಂದು ಓದಿ ಹೀಟರ್ ತಗ್ಗುತ್ತದೆ, ಕೂಸು ತಣ್ಣಗಾಗುತ್ತದೆ. ಪ್ರತಿ ವಾರ್ಮರಿಗೆ ಎರಡು ಹೆಚ್ಚುವರಿ ಪ್ರೋಬ್ ಯಂತ್ರದ ಜೊತೆಯಲ್ಲೇ ಬರಲಿ, ಪ್ರತಿವರ್ಷವೂ ಬರಲಿ.

ಈಗ ದಾದಿಯರ ಸಂಖ್ಯೆ. ಬ್ರಿಟನ್ನಿನ ಪೆರಿನೇಟಲ್ ವೈದ್ಯಕೀಯ ಸಂಘದ ಮಾನದಂಡದಂತೆ ತೀವ್ರ ನಿಗಾದಲ್ಲಿರುವ ಒಂದು ಕೂಸಿಗೆ ಒಬ್ಬ ದಾದಿ, ಅದಕ್ಕಿಂತ ಕೆಳಹಂತದ ನಿಗಾದಲ್ಲಿ ಇಬ್ಬರಿಗೆ ಒಬ್ಬರು, ವಿಶೇಷ ಆರೈಕೆಯಲ್ಲಿ ನಾಲ್ವರಿಗೆ ಒಬ್ಬರು. ನಮ್ಮಲ್ಲಿ ಅನೇಕರು ಒಂದು ಪಾಳಿಯಲ್ಲಿ ಹತ್ತು ಕೂಸು ನೋಡುತ್ತೇವೆ. ದಯವಿಟ್ಟು ತಾವೇ ಲೆಕ್ಕ ಹಾಕಿ. ಮೂರು ಗಂಟೆಗೊಮ್ಮೆ ಟ್ಯೂಬಿನಲ್ಲಿ ಹಾಲು ಎಂದರೆ 12 ಗಂಟೆಯ ಪಾಳಿಯಲ್ಲಿ ಒಂದು ಕೂಸಿಗೆ ನಾಲ್ಕು ಸಲ, ಹತ್ತು ಕೂಸಿಗೆ 40 ಸಲ. ಟ್ಯೂಬ್ ಜಾಗದಲ್ಲಿದೆಯೇ ನೋಡಿ, ಸಿರಿಂಜ್ ಎತ್ತಿ ಹಿಡಿದು ಹಾಲು ತಾನಾಗಿ ಇಳಿಯಲು ಬಿಡಲು ಒಂದು ಸಲಕ್ಕೆ ಕಡಿಮೆಯೆಂದರೂ 15 ನಿಮಿಷ. ಹಾಲಿಗೇ 10 ಗಂಟೆ ಹೋಯಿತು. ಉಳಿದ ಎರಡು ಗಂಟೆಯಲ್ಲಿ ಔಷಧ, ಡ್ರಿಪ್, ಸಿಪ್ಯಾಪ್, ತೂಕ, ಒದ್ದೆ ಬಟ್ಟೆ, ದಾಖಲೆ, ಹೊಸ ಅಡ್ಮಿಷನ್, ಅಳುವ ತಾಯಂದಿರ ಪ್ರಶ್ನೆಗಳು. ಆಗ ಸಿರಿಂಜನ್ನು ಪ್ಲಂಜರ್ ಒತ್ತಿ ಖಾಲಿ ಮಾಡಲಾಗುತ್ತದೆ, ಹಾಲು ಉಕ್ಕಿ ಶ್ವಾಸಕೋಶ ಸೇರುತ್ತದೆ, ತನಿಖೆಯಲ್ಲಿ ದಾದಿಯ ‘ನಿರ್ಲಕ್ಷ್ಯ’ ಎಂದು ಬರೆಯಲಾಗುತ್ತದೆ.

ಔಷಧದ ಅಳತೆಯೂ ಇಂಥದ್ದೇ. ಜೆಂಟಾಮೈಸಿನ್ ದೊಡ್ಡವರ ವಯಲ್‌ನಲ್ಲಿ ಒಂದು ಮಿ.ಲೀ.ಗೆ 40 ಮಿ.ಗ್ರಾಂ. ಇರುತ್ತದೆ. 1 ಕೆ.ಜಿ. ಕೂಸಿಗೆ ಹೆಚ್ಚೆಂದರೆ 5 ಮಿ.ಗ್ರಾಂ., ಅಂದರೆ 0.125 ಮಿ.ಲೀ. ಸೂಜಿಯ ಬುಡದಲ್ಲಿ ಉಳಿಯುವ ಹನಿಯೇ ಡೋಸನ್ನು ಏರುಪೇರು ಮಾಡುವಷ್ಟು ಸಣ್ಣ ಅಳತೆ ಇದು. ಒಂದು ದಶಾಂಶ ಬಿಂದು ಜರುಗಿದರೆ ಹತ್ತು ಪಟ್ಟು. ಹೀಗಾಗಿ ಇಬ್ಬರು ಸೇರಿ ಪರಿಶೀಲಿಸಬೇಕೆಂಬ ನಿಯಮವಿದೆ. ಪಾಳಿಯಲ್ಲಿ ಇರುವುದೇ ಒಬ್ಬರಾದರೆ ಎರಡನೆಯ ಸಹಿ ಯಾರದು? ಕಡಿಮೆ ಸಾಂದ್ರತೆಯ ಮಕ್ಕಳ ವಯಲ್ ತರಿಸುವುದು ಫಾರ್ಮಸಿ ಸಮಿತಿಯ ಒಂದು ಸಹಿಯ ಕೆಲಸ. ತರಬೇತಾದ ದಾದಿಯರನ್ನು ಕೆಲವೇ ತಿಂಗಳಿಗೆ ಬೇರೆ ವಾರ್ಡಿಗೆ ಎತ್ತಿ ಹಾಕುವ ರೊಟೇಷನ್ ಪದ್ಧತಿಯನ್ನಂತೂ ಈ ಘಟಕಗಳ ಮಟ್ಟಿಗೆ ಕೈಬಿಡಲೇಬೇಕು. ಡ್ರಿಪ್ ಹಾಕುವ ಸಣ್ಣ ನಳಿಗೆಯಾದ 24 ಗೇಜ್ ಕ್ಯಾನುಲಾವನ್ನು ನೂಲಿನಂಥ ನಾಳಕ್ಕೆ ಹಾಕುವ ಕೈ ಒಂದು ವಾರದ ಕಾರ್ಯಾಗಾರದಲ್ಲಿ ತಯಾರಾಗುವುದಿಲ್ಲ.

ಸೋಂಕಿನ ವಿಷಯದಲ್ಲಿ ಆಡಳಿತದ ಉತ್ಸಾಹ ಕೋಣೆಗೆ ಕ್ರಿಮಿನಾಶಕ ಹೊಗೆ ಹಾಕುವ ಫ್ಯೂಮಿಗೇಷನ್ ಮಾಡಿಸುವುದರಲ್ಲೇ ಮುಗಿಯುತ್ತದೆ. ಸೋಂಕು ತರುವ ಬ್ಯಾಕ್ಟೀರಿಯಾಗಳಾದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳು ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುವುದು ಮುಖ್ಯವಾಗಿ ನಮ್ಮ ಕೈಗಳ ಮೇಲೆ ಸವಾರಿ ಮಾಡಿ. ಸೋಪಿನಲ್ಲಿ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು. ಇದಕ್ಕೆ ಬೇಕಾದ್ದು ಮೊಣಕೈಯಲ್ಲಿ ತಿರುಗಿಸುವ ನಲ್ಲಿ, ನಿಲ್ಲದೆ ಬರುವ ನೀರು, ಒರೆಸಲು ಒಂದೊಂದು ಸಲಕ್ಕೆ ಒಂದೊಂದು ಒಣ ಬಟ್ಟೆ, ಪ್ರತಿ ಹಾಸಿಗೆಗೆ ಒಂದು ಬಾಟಲಿ ದ್ರಾವಣ, ಹಾಸಿಗೆಗಳ ನಡುವೆ ಅಂತರ. ಒಂದು ವಾರ್ಮರಿನಲ್ಲಿ ಮೂರು ಕೂಸು ಮಲಗಿಸಿ ಕೈ ತೊಳೆಯುವ ಪೋಸ್ಟರ್ ಅಂಟಿಸಿದರೆ ಪ್ರಯೋಜನವಿಲ್ಲ. ಆಮ್ಲಜನಕಕ್ಕೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿಗೆ ನಲ್ಲಿ ನೀರು ತುಂಬುವ ಅಭ್ಯಾಸ ಸ್ಟೆರೈಲ್ ನೀರಿನ ಸರಬರಾಜು ನಿಂತಾಗಲೆಲ್ಲ ಮರುಕಳಿಸುತ್ತದೆ, ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಸುಖವಾಗಿ ಬೆಳೆಯುತ್ತದೆ. ಇದೇ ಕೋಣೆಯ ವಿದ್ಯುತ್ ಜಾಲವನ್ನೂ ತಪಾಸಣೆ ಮಾಡಿಸಿ. ಗಾಳಿಯಲ್ಲಿ ಆಮ್ಲಜನಕ ಹೆಚ್ಚಿರುವ ಜಾಗದಲ್ಲಿ, ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿ ವಾರ್ಮರ್ ಓಡಿಸುವುದು ಬೆಂಕಿಗೆ ಆಹ್ವಾನ.

ತಾಯಂದಿರನ್ನು ಹೊರಗೆ ಕೂರಿಸುವ ಪದ್ಧತಿಗೆ ವೈಜ್ಞಾನಿಕ ಆಧಾರ ಉಳಿದಿಲ್ಲ. ಚರ್ಮಕ್ಕೆ ಚರ್ಮ ತಾಗಿಸಿ ಎದೆಯ ಮೇಲೆ ಕೂಸನ್ನು ಇಟ್ಟುಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯ ನಡುವೆ ಆರಂಭವಾಯಿತು. ಕೂಸು ಸ್ಥಿರವಾದ ಮೇಲಷ್ಟೇ ಇದು ಎಂದು ಬಹುಕಾಲ ನಂಬಿದ್ದೆವು. 2021ರಲ್ಲಿ ಪ್ರಕಟವಾದ, ಐದು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ 1ರಿಂದ 1.8 ಕೆ.ಜಿ.ಯೊಳಗಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ 28 ದಿನದೊಳಗಿನ ಸಾವು ಶೇ. 15.7ರಿಂದ 12ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದನ್ನೇ ಶಿಫಾರಸು ಮಾಡಿದೆ, ದಿನಕ್ಕೆ 8ರಿಂದ 24 ಗಂಟೆ. ಇದನ್ನು ಮಾಡಬೇಕಾದರೆ ಬಾಣಂತಿಯ ಹಾಸಿಗೆ ಘಟಕದ ಒಳಗೇ ಬರಬೇಕು. ಅವರ ಹೊಲಿಗೆ, ರಕ್ತಸ್ರಾವ, ರಕ್ತದೊತ್ತಡ ನೋಡಲು ಹೆರಿಗೆ ವಿಭಾಗದವರು ಇಲ್ಲಿಗೆ ಬರಬೇಕು. ಶೌಚಾಲಯ, ಊಟ, ಒರಗಲು ಹಿಂದಕ್ಕೆ ಬಾಗುವ ಕುರ್ಚಿ ಬೇಕು. ಈ ಒಂದು ಬದಲಾವಣೆ ಮಾಡಿದರೆ ಹಾಲಿನ ಸಮಸ್ಯೆಯೂ ಅರ್ಧ ಬಗೆಹರಿಯುತ್ತದೆ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಆರಂಭಿಸಿ ದಿನಕ್ಕೆ ಎಂಟು ಸಲ ಹಾಲು ಹಿಂಡಿದರೆ ಮಾತ್ರ ಹಾಲು ನಿಲ್ಲುವುದಿಲ್ಲ. ತಾಯಿಯ ಹಾಲು ಸಿಗದೆ ಡಬ್ಬಿ ಹಾಲಿಗೆ ಹೋದ ಕೂಸುಗಳಲ್ಲಿ ಕರುಳು ಕೊಳೆಯುವ ಕಾಯಿಲೆ ಹೆಚ್ಚು. ದಾನಿಗಳ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುವ ಹಾಲಿನ ಬ್ಯಾಂಕ್ ಎರಡನೆಯ ದಾರಿ.

ಒಂದು ಖರೀದಿಯ ಬಗ್ಗೆ ಎಚ್ಚರಿಸಲೇಬೇಕು. ಹುಟ್ಟುವಾಗ ಉಸಿರುಗಟ್ಟಿದ ಕೂಸಿನ ಮೈಯನ್ನು 72 ಗಂಟೆ 33.5 ಡಿಗ್ರಿಗೆ ತಂಪಾಗಿಸಿ ಮಿದುಳು ಕಾಪಾಡುವ ಕೂಲಿಂಗ್ ಯಂತ್ರಗಳನ್ನು ಕೊಳ್ಳುವ ಉಮೇದು ಈಗ ಎಲ್ಲೆಡೆ ಇದೆ. ಶ್ರೀಮಂತ ದೇಶಗಳ ಪ್ರಯೋಗಗಳಲ್ಲಿ ಇದರಿಂದ ಲಾಭವಾಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಪ್ರಯೋಗದಲ್ಲಿ ತಂಪಾಗಿಸಿದ ಕೂಸುಗಳಲ್ಲಿ ಶೇ. 42, ತಂಪಾಗಿಸದವರಲ್ಲಿ ಶೇ. 31 ತೀರಿಕೊಂಡವು. ಆ ಹಣ ಹೆರಿಗೆ ಕೋಣೆಗೆ ಹೋಗಲಿ. ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಸಿಗಬೇಕು, ನಿಮಿಷಕ್ಕೆ 40ರಿಂದ 60 ಸಲ, ಎದೆ ಏಳುವಂತೆ. 0 ಮತ್ತು 1ನೇ ಅಳತೆಯ ಮಾಸ್ಕ್ ಎರಡೂ ಕೈಗೆಟಕುವಲ್ಲಿ ಇರಬೇಕು, ಬೀಗ ಹಾಕಿದ ಬೀರುವಿನಲ್ಲಿ ಅಲ್ಲ.

ಕೊನೆಯದಾಗಿ, ಬಿಡುಗಡೆಯಾದ ಕೂಸಿನ ಕಣ್ಣು. ಭಾರತದಲ್ಲಿ 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರ ರೆಟಿನಾ ಪರೀಕ್ಷೆ ಆಗಬೇಕೆಂದಿದೆ. ಆಮ್ಲಜನಕ ಹತೋಟಿಯಲ್ಲಿರುವ ದೇಶಗಳಲ್ಲಿ ಈ ಗೆರೆ 1,500 ಗ್ರಾಂ ಆಸುಪಾಸಿನಲ್ಲಿದೆ. ಗೆರೆ ಇಷ್ಟು ಮೇಲಿರುವುದೇ, ಮೊದಲು ಹೇಳಿದ ಕಂಪ್ರೆಸರ್ ಇಲ್ಲದ್ದಕ್ಕೆ ನಾವು ತೆರುತ್ತಿರುವ ದಂಡ. ಮೊದಲ ಪರೀಕ್ಷೆ ಹುಟ್ಟಿದ ನಾಲ್ಕು ವಾರದೊಳಗೆ, 28 ವಾರಕ್ಕೂ ಮೊದಲು ಹುಟ್ಟಿದವರಿಗೆ ಎರಡು ಮೂರು ವಾರದಲ್ಲೇ. ಚಿಕಿತ್ಸೆ ಬೇಕೆಂದು ಕಂಡರೆ 48ರಿಂದ 72 ಗಂಟೆಯೊಳಗೆ ಲೇಸರ್ ಅಥವಾ ಇಂಜೆಕ್ಷನ್. ಆದರೆ ಕೂಸು ಇಪ್ಪತ್ತನೇ ದಿನ ಮನೆಗೆ ಹೋಗುತ್ತದೆ, ಚೀಟಿಯ ಕೆಳಗೆ ‘ಕಣ್ಣಿನ ತಪಾಸಣೆ ಮಾಡಿಸಿ’ ಎಂದಷ್ಟೇ ಇರುತ್ತದೆ. ಮನೆಯವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಕಣ್ಣುಪಾಪೆ ಬೆಳ್ಳಗೆ ಕಾಣುವ ಹೊತ್ತಿಗೆ ರೆಟಿನಾ ಕಿತ್ತುಹೋಗಿರುತ್ತದೆ. ಪರೀಕ್ಷೆಯ ದಿನಾಂಕ, ಸ್ಥಳ ಬರೆದು, ವೈದ್ಯರ ಸಮಯ ಮೊದಲೇ ಗೊತ್ತುಮಾಡಿ, ಹಿಂದಿನ ದಿನ ಫೋನ್ ಮಾಡುವ ಒಬ್ಬ ಸಿಬ್ಬಂದಿ ಇರದ ಹೊರತು ಯಾವ ಕೂಸನ್ನೂ ಬಿಡುಗಡೆ ಮಾಡಬಾರದು ಎಂದು ಆದೇಶ ಹೊರಡಿಸಿ. ಶ್ರವಣ ಪರೀಕ್ಷೆಯನ್ನೂ ಇದೇ ಚೀಟಿಗೆ ಸೇರಿಸಬಹುದು, ಒಂದು ತಿಂಗಳೊಳಗೆ ಆಗಬೇಕಾದ್ದು ಅದು.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಇನ್ನು ಮುಂದೆ ಯಾವುದೇ ಯಂತ್ರದ ಮಂಜೂರಾತಿ ಪತ್ರದಲ್ಲಿ ಅದರ ಜೊತೆಗಾರ ಭಾಗಗಳು, ಐದು ವರ್ಷದ ಬಳಕೆ ಸಾಮಗ್ರಿ, ನಿರ್ವಹಣಾ ಒಪ್ಪಂದ ಮತ್ತು ಅದನ್ನು ನೋಡಿಕೊಳ್ಳುವ ದಾದಿಯರ ಹುದ್ದೆ ಒಂದೇ ಆದೇಶದಲ್ಲಿ ಇರಲಿ. ಇದರಲ್ಲಿ ಒಂದಕ್ಕೆ ಹಣವಿಲ್ಲದಿದ್ದರೆ ಯಂತ್ರಗಳ ಸಂಖ್ಯೆ ಇಳಿಸಿ. ಈಗಿರುವ ಘಟಕಗಳಲ್ಲಿ ಮೊದಲು ಗಾಳಿಯ ಪೈಪ್‌ಲೈನ್ ಇಲ್ಲದವುಗಳ ಪಟ್ಟಿ ಮಾಡಿ, ಆ ಪಟ್ಟಿಯನ್ನು ಪ್ರಕಟಿಸಿ. ಪ್ರತಿ ತಿಂಗಳು ಪ್ರತಿ ಘಟಕವೂ ನಾಲ್ಕು ಅಂಕಿಗಳನ್ನು ಬಹಿರಂಗಪಡಿಸಲಿ: ದಾಖಲಾಗುವಾಗ 36.5 ಡಿಗ್ರಿಗಿಂತ ತಣ್ಣಗಿದ್ದ ಕೂಸುಗಳೆಷ್ಟು, ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಗೆ ಕೂಸುಗಳೆಷ್ಟು, ತಾಯಿಯ ಹಾಲಷ್ಟನ್ನೇ ಪಡೆದವರೆಷ್ಟು, ಕಣ್ಣಿನ ಪರೀಕ್ಷೆ ಆಗಬೇಕಿದ್ದವರಲ್ಲಿ ಆದವರೆಷ್ಟು. ಹಾಸಿಗೆಗಳ ಸಂಖ್ಯೆಯನ್ನು ವಾರ್ಷಿಕ ವರದಿಯ ಮುಖಪುಟದಿಂದ ತೆಗೆದು ಈ ನಾಲ್ಕನ್ನು ಅಲ್ಲಿ ಹಾಕಿ. ಈ ಲೆಕ್ಕ ಹೇಗೆ ಇಡಬೇಕು, ಯಾವ ಭಾಗ ಯಾವ ಅಳತೆಯದು ಬೇಕು ಎಂಬುದನ್ನು ಕೂತು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಖರೀದಿ ಸಮಿತಿಯ ಸಭೆಗೆ ಘಟಕದ ಒಬ್ಬ ಹಿರಿಯ ದಾದಿಯನ್ನೂ ಒಬ್ಬ ಬಯೋಮೆಡಿಕಲ್ ತಂತ್ರಜ್ಞರನ್ನೂ ಕರೆಯಿರಿ, ಅವರ ಸಹಿ ಇಲ್ಲದೆ ಟೆಂಡರ್ ಹೊರಡದಿರಲಿ.

ತಮ್ಮ ಲಿಖಿತ ಉತ್ತರದ ನಿರೀಕ್ಷೆಯಲ್ಲಿ,

ಇಂತಿ,
ನವಜಾತ ಶಿಶು ಘಟಕಗಳಲ್ಲಿ ಕೆಲಸ ಮಾಡುವ ದಾದಿಯರು, ವೈದ್ಯರು ಮತ್ತು ಬಯೋಮೆಡಿಕಲ್ ತಂತ್ರಜ್ಞರು